ಮಾತ್ರೆ ಬರೆಯದ ಡಾಕ್ಟರು

ಜರ್ಮನಿಯ ಆಖನ್ ನಗರಕ್ಕೆ ಎಂ.ಎಸ್. ಓದಲು ಬಂದ ಮೊದಲ ನವೆಂಬರಿನಲ್ಲೇ ನನಗೆ ಜ್ವರ ಬಂತು. ಥರ್ಮಾಮೀಟರು 39 ಡಿಗ್ರಿ ತೋರಿಸಿತು, ನಮ್ಮ ಲೆಕ್ಕದಲ್ಲಿ ನೂರಾ ಎರಡು. ಉಗುಳು ನುಂಗಲಾಗದ ಗಂಟಲು ನೋವಿನಲ್ಲೇ ಬಸ್ಸು ಹಿಡಿದು ಹೋಗಿ, ಒಂದು ಗಂಟೆ ಕಾದು, ವೈದ್ಯರ ಮುಂದೆ ಕುಳಿತೆ. ಅವರು ಗಂಟಲು ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಬಳಿಕ, ಸೇಜ್ ಎಂಬ ಸೊಪ್ಪಿನ ಚಹಾ ಕುಡಿದು ಮೂರು ದಿನ ಮಲಗಿ, ಜ್ವರ ಇಳಿಯದಿದ್ದರೆ ಮತ್ತೆ ಬನ್ನಿ ಎಂದು ಹೇಳಿ ಕಳುಹಿಸಿದರು. ಚೀಟಿಯಿಲ್ಲ, ಮಾತ್ರೆಯಿಲ್ಲ. ಆರೋಗ್ಯ ವಿಮೆಯಿಲ್ಲದೆ ಇಲ್ಲಿನ ವಿಶ್ವವಿದ್ಯಾಲಯಗಳು ದಾಖಲಾತಿಯನ್ನೇ ಕೊಡುವುದಿಲ್ಲ. ತಿಂಗಳಿಗೆ 120 ಯೂರೋಗೂ ಹೆಚ್ಚು ಕಟ್ಟಿದ್ದು ಈ ಮಾತು ಕೇಳುವುದಕ್ಕೇ ಎಂದು ನನಗೆ ಹೊಟ್ಟೆ ಉರಿಯಿತು.

ದಾವಣಗೆರೆಯಲ್ಲಿ ಬಿ.ಇ. ಓದುತ್ತಿದ್ದಾಗ ನಾವು ಜ್ವರಕ್ಕೆ ಡಾಕ್ಟರ ಬಳಿ ಹೋದದ್ದೇ ಅಪರೂಪ. ಹಾಸ್ಟೆಲ್ಲಿನ ಎದುರಿನ ಮೆಡಿಕಲ್ ಶಾಪಿನವನಿಗೆ ಲಕ್ಷಣ ಹೇಳಿದರೆ ಸಾಕಿತ್ತು. ಜ್ವರಕ್ಕೊಂದು, ಗಂಟಲಿಗೊಂದು, ಇವೆರಡರ ಉಷ್ಣ ತಡೆಯಲು ಗ್ಯಾಸ್ಟ್ರಿಕ್‌ಗೊಂದು ಎಂದು ಎಣಿಸಿ, ಮಾತ್ರೆಯ ಹಾಳೆಯನ್ನು ಕತ್ತರಿಯಿಂದ ಕತ್ತರಿಸಿ, ಸಣ್ಣ ಕಾಗದದ ಕವರಿಗೆ ಹಾಕಿ ಕೊಡುತ್ತಿದ್ದ. ಗಂಟಲಿನದ್ದು ಬಹುತೇಕ ಆಂಟಿಬಯಾಟಿಕ್ಕೇ ಆಗಿರುತ್ತಿತ್ತು. ಹಲವು ಆಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರಬಾರದು, ಕೊಂಡವರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂಬ ಎಚ್1 ಪಟ್ಟಿಯ ನಿಯಮ 2014ರ ಮಾರ್ಚಿನಿಂದಲೇ ನಮ್ಮ ದೇಶದಲ್ಲಿ ಜಾರಿಯಲ್ಲಿದೆ. ಆದರೆ ಅಂಥ ಪುಸ್ತಕವನ್ನು ನಾಲ್ಕು ವರ್ಷದಲ್ಲಿ ನಾನೊಮ್ಮೆಯೂ ಕಾಣಲಿಲ್ಲ. ಎಚ್ಚರಿಕೆಗೆಂದು ಹಾಳೆಯ ಬೆನ್ನಿಗೆ ಮುದ್ರಿಸುವ ಕೆಂಪು ಗೆರೆ ಕತ್ತರಿಗೆ ಸಿಕ್ಕಿ ಯಾರ ಪಾಲಿಗೆ ಹೋಗುತ್ತಿತ್ತೋ ತಿಳಿಯದು. ಇಲ್ಲಿ ಪ್ಯಾರಾಸಿಟಮಾಲ್ ಕೊಳ್ಳಬೇಕಾದರೂ ಔಷಧದಂಗಡಿಗೇ ಹೋಗಬೇಕು, ಮತ್ತು ಚೀಟಿಯಿಲ್ಲದೆ 500 ಮಿಲಿಗ್ರಾಮಿನ 20 ಮಾತ್ರೆಗಳ ಡಬ್ಬಿಗಿಂತ ದೊಡ್ಡದನ್ನು ಕೊಡುವುದಿಲ್ಲ.

ಊರಿನಲ್ಲಿ ಹೀಗೆ ಚೀಟಿಯಿಲ್ಲದೆ ಮಾತ್ರೆ ಕೊಂಡು ನುಂಗುವುದನ್ನು ನಮ್ಮವರ ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ, ಆದರೆ ನನಗೆ ಹಾಗನ್ನಿಸುವುದಿಲ್ಲ. ಗಂಟಲು ನೋವು ಹೆಚ್ಚಾಗಿ ವೈರಸ್ಸಿನಿಂದ ಬರುತ್ತದೆ, ಅದಕ್ಕೆ ಆಂಟಿಬಯಾಟಿಕ್ ನಾಟುವುದಿಲ್ಲ ಎಂಬುದು ನಮಗೂ ಗೊತ್ತಿತ್ತು. ನಮಗೆ ಇಲ್ಲದ್ದು ಮಲಗುವ ಅವಕಾಶ. ಶೇಕಡಾ 85ರಷ್ಟು ಹಾಜರಿ ಬೇಕಿತ್ತು, ನಡುನಡುವೆ ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್. ಮೂರು ದಿನ ಮಲಗಿದವನು ಮುಂದಿನ ಮೂರು ವಾರ ಮೆಡಿಕಲ್ ಸರ್ಟಿಫಿಕೇಟ್ ಹಿಡಿದು ಎಚ್‌ಒಡಿ ಕೋಣೆಯ ಹೊರಗೆ ನಿಲ್ಲಬೇಕಾಗುತ್ತಿತ್ತು. ನಾನೇ ಒಮ್ಮೆ ಮೈ ಸುಡುತ್ತಿರುವಾಗ ಮಾತ್ರೆ ನುಂಗಿ ಹೋಗಿ ಸರ್ವೇ ಪ್ರಾಕ್ಟಿಕಲ್ಲಿಗೆ ಬಿಸಿಲಿನಲ್ಲಿ ಕೋಲು ಹಿಡಿದು ನಿಂತಿದ್ದೆ. ಆ ವಾರ ನಮ್ಮ ಬ್ಯಾಚಿನ ಇನ್ನೂ ನಾಲ್ವರು ಮಲಗಿದರು. 'ಲಂಘನಂ ಪರಮೌಷಧಂ' ಎನ್ನುತ್ತಿದ್ದ ನಮ್ಮಜ್ಜಿಯ ಚಿಕಿತ್ಸೆಗೂ ಈ ಜರ್ಮನ್ ವೈದ್ಯರ ಚಿಕಿತ್ಸೆಗೂ ಸೊಪ್ಪೊಂದನ್ನು ಬಿಟ್ಟರೆ ವ್ಯತ್ಯಾಸವೇ ಇರಲಿಲ್ಲ. ಅಜ್ಜಿಯ ಮಾತಿಗೆ ಕಾಲೇಜಿನಲ್ಲಿ ಬೆಲೆಯಿರಲಿಲ್ಲ, ಅಷ್ಟೆ.

ಇಲ್ಲಿ ಉಪನ್ಯಾಸಗಳಿಗೆ ಹಾಜರಿ ಕರೆಯುವುದಿಲ್ಲ. ಪರೀಕ್ಷೆಯ ದಿನ ಹುಷಾರಿಲ್ಲದಿದ್ದರೆ ಮಾತ್ರ ವೈದ್ಯರ ಪತ್ರ ಕೊಡಬೇಕು. ಆದ್ದರಿಂದ ಕೋಪದಲ್ಲೇ ಆದರೂ ನಾನು ಮಲಗಿದೆ, ನಾಲ್ಕನೆಯ ದಿನ ಜ್ವರ ತಾನಾಗಿ ಇಳಿಯಿತು. ಮನೆಯಿಂದ ದೂರವಿದ್ದು ಓದುವವರಿಗೆ ಹಣ್ಣು ತಿನ್ನಿ, ನೀರು ಕುಡಿಯಿರಿ, ವ್ಯಾಯಾಮ ಮಾಡಿ ಎಂದು ನಮ್ಮಲ್ಲಿ ಎಲ್ಲರೂ ಉಪದೇಶಿಸುತ್ತಾರೆ. ಕಾಯಿಲೆ ಬಿದ್ದಾಗ ಮಲಗಿಕೋ, ನಿನ್ನ ಹಾಜರಿ ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿದ ಒಬ್ಬ ಮೇಷ್ಟ್ರೂ ನನಗೆ ಸಿಗಲಿಲ್ಲ.

ಆ ಮೂರು ದಿನಗಳಲ್ಲಿ ಒಂದು ಭಾನುವಾರವಿತ್ತು ಎಂಬುದನ್ನು ಮಾತ್ರ ಹೇಳದೆ ಬಿಡಲಾರೆ. ಭಾನುವಾರ ಇಲ್ಲಿ ದಿನಸಿ ಅಂಗಡಿಗಳು ತೆರೆಯುವುದಿಲ್ಲ. ನನ್ನ ಬಳಿ ಅರ್ಧ ಬ್ರೆಡ್ಡಿತ್ತು, ಹಾಲು ಮುಗಿದಿತ್ತು. ಸಂಜೆ ಐದಕ್ಕೆಲ್ಲ ಕತ್ತಲು. ನನ್ನ ಹಾಸ್ಟೆಲ್ ಕೋಣೆಯ ಕಾರಿಡಾರಿನಲ್ಲೇ ಇನ್ನೂ ಹನ್ನೊಂದು ಮಂದಿ ಇದ್ದರು, ಎಲ್ಲರೂ ಸಂಭಾವಿತರು. ಬಾಗಿಲು ಮುಚ್ಚಿದ್ದರೆ ತಟ್ಟಬಾರದೆಂಬ ಮರ್ಯಾದೆ ಬಲ್ಲವರು. ಯಾರೂ ತಟ್ಟಲಿಲ್ಲ. ದಾವಣಗೆರೆಯಲ್ಲಿ ನನ್ನ ರೂಮ್‌ಮೇಟ್ ಮೆಸ್ಸಿನ ಭಟ್ಟರೊಂದಿಗೆ ಜಗಳವಾಡಿ, ಅಳತೆಗೆ ಮೀರಿ ಉಪ್ಪು ಬಿದ್ದ ಗಂಜಿಯನ್ನು ಸ್ಟೀಲ್ ಡಬ್ಬಿಯಲ್ಲಿ ತಂದು, ಪೂರ್ತಿ ಕುಡಿಯುವವರೆಗೆ ಎದುರಿಗೆ ಕುಳಿತಿರುತ್ತಿದ್ದ. ಅಂದು ನನಗೆ ಅದು ಕಿರಿಕಿರಿಯಾಗಿತ್ತು.

ಆ ಭಾನುವಾರ ರಾತ್ರಿ ಫೋನಿನಲ್ಲಿ ಅಮ್ಮ ಮೊದಲು ಕೇಳಿದ್ದು, "ಮಾತ್ರೆ ಏನು ಕೊಟ್ರು?" ಎಂದು. ಚಹಾ ಕುಡಿಯಲು ಹೇಳಿದರು ಎಂದೆ. "ಅದ್ಯಾವ ಸೀಮೆ ಡಾಕ್ಟ್ರೋ, ಅದನ್ನ ನಾನೇ ಹೇಳ್ತಿರಲಿಲ್ವೇನೋ!" ಎಂದರು. ಎರಡು ತಿಂಗಳ ಮೇಲೆ ಊರಿನಿಂದ ಬಂದ ಪರಿಚಿತರೊಬ್ಬರ ಕೈಯಲ್ಲಿ ಚಟ್ನಿಪುಡಿ, ಸಾರಿನಪುಡಿ ಕಳುಹಿಸಿದ್ದರು. ಎರಡರ ನಡುವೆ, ಕಾಗದದ ಕವರಿನಲ್ಲಿ, ಕತ್ತರಿಸಿದ ಮಾತ್ರೆಯ ಹಾಳೆಗಳಿದ್ದವು. ಪುಡಿಗಳು ಯಾವಾಗಲೋ ಮುಗಿದಿವೆ. ಮಾತ್ರೆಗಳನ್ನು ನಾನು ನುಂಗಿಲ್ಲ, ಬಿಸಾಡಿಯೂ ಇಲ್ಲ.