ಗಂಡಸರು ಹೇಳಲ್ಲ, ಸರಿ, ಕೇಳಿದವರು ಯಾರು?

ಹೊಡೆತಕ್ಕೋ ಲೈಂಗಿಕ ಹಲ್ಲೆಗೋ ಒಳಗಾದ ‘ಗಂಡಸರು ಬಾಯಿ ಬಿಡುವುದಿಲ್ಲ, ಅದಕ್ಕೇ ಚಿಕಿತ್ಸೆ ತಡವಾಗುತ್ತದೆ’ ಎನ್ನುತ್ತದೆ ಒಂದು ಲೇಖನ. ಆ ಮಾತು ಅರ್ಧ ಸತ್ಯ. ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕುವವರು ‘ಬಿದ್ರಾ?’ ಎಂದು ಕೇಳಿದರೆ ‘ಹೌದು’ ಎಂದೇ ಉತ್ತರ ಬರುತ್ತದೆ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ‘ಯಾರಾದರೂ ಹೊಡೆದರೇ, ಕುತ್ತಿಗೆ ಹಿಸುಕಿದರೇ?’ ಎಂದು ನೇರವಾಗಿ ಕೇಳಬೇಕು. ಕುತ್ತಿಗೆಯ ಪ್ರಶ್ನೆ ಬಿಡಲೇಬಾರದು: ಹೊರಗೆ ಗುರುತೇ ಇಲ್ಲದಿದ್ದರೂ ರಕ್ತನಾಳದ ಒಳಪದರ ಹರಿದು, ಕೆಲವು ದಿನಗಳ ನಂತರ ಪಾರ್ಶ್ವವಾಯು ಹೊಡೆಯಬಹುದು. ದನಿ ಒಡೆದಿದ್ದರೆ, ನುಂಗಲು ಕಷ್ಟವಾದರೆ ಅಂದೇ ತಪಾಸಣೆ ಆಗಬೇಕು. ಲೈಂಗಿಕ ಹಲ್ಲೆಯಲ್ಲಿ ಸೋಂಕಿನ ಅಪಾಯವಿದ್ದರೆ ಎಚ್‌ಐವಿ ತಡೆ ಮಾತ್ರೆ 72 ಗಂಟೆಯೊಳಗೆ ಶುರುವಾಗಿ 28 ದಿನ ನಡೆಯಬೇಕು. ಹಲ್ಲೆಯ ಹೊತ್ತಿನಲ್ಲಿ ಲೈಂಗಿಕ ಉದ್ರೇಕವಾಗಿದ್ದರೆ ಅದು ದೇಹದ ಪ್ರತಿವರ್ತನೆ, ಒಪ್ಪಿಗೆಯಲ್ಲ. ಇದನ್ನು ವೈದ್ಯರೇ ಮೊದಲು ಹೇಳಿಬಿಡಬೇಕು. ಅವನಾಗಿ ಕೇಳುವ ಪ್ರಶ್ನೆಯಲ್ಲ ಅದು. ಇನ್ನು ಇಂಥ ಗಂಡಸರ ಖಿನ್ನತೆಯನ್ನು ಬರೀ ಅಳುವಿನಲ್ಲಿ ಹುಡುಕಿದರೆ ಸಿಡುಕು, ಕುಡಿತ, ನಿದ್ದೆಗೇಡು ಲೆಕ್ಕಕ್ಕೇ ಬರುವುದಿಲ್ಲ.