ಚಿಮಣಿ ಇದ್ದಲ್ಲಿ ಮರ ನೆಟ್ಟವರು

ಒಂದು ‘ಹಸಿರು ಅಪಾರ್ಟ್‌ಮೆಂಟ್‌’ನ ಬ್ರೋಷರ್‌ನಲ್ಲಿ ಪಕ್ಕದ ಕಾರ್ಖಾನೆಯ ಚಿಮಣಿ ಕಾಣುವುದಿಲ್ಲ. ಅದು ಇರಬೇಕಾದ ಜಾಗದಲ್ಲಿ ಒಂದು ಮರ ನಿಂತಿದೆ. ಚಿಮಣಿಯಷ್ಟೇ ಎತ್ತರ. ಕಂಪ್ಯೂಟರ್‌ನಲ್ಲಿ ಬೆಳೆದದ್ದು, ಹಾಗಾಗಿ ನೀರೂ ಬೇಡ.

ಈ ‘ಹಸಿರು ಅಪಾರ್ಟ್‌ಮೆಂಟ್‌’ನ ಹೆಮ್ಮೆಯೆಲ್ಲ ಕಿಟಕಿಯಲ್ಲಿದೆ. ದೊಡ್ಡ ಕಿಟಕಿ, ಎದುರುಬದುರು. ಗಾಳಿ ತಾನಾಗಿ ಆಡಲಿ, ಎಸಿ ಬೇಡವಾಗಲಿ ಅಂತ. ಅದಕ್ಕೆ ಹಸಿರು ಕಟ್ಟಡದ ರೇಟಿಂಗ್‌ನಲ್ಲಿ ಅಂಕವೂ ಸಿಕ್ಕಿದೆ. ಬೀಗದ ಕೈ ಜೊತೆ ಒಂದು ಚೀಟಿ ಕೊಡುತ್ತಾರೆ: ಕಿಟಕಿ ತೆರೆಯಬೇಡಿ. ಮುಚ್ಚಿದರೆ ಸೆಕೆ. ಸೆಕೆಗೆ ಎಸಿ. ಉಸಿರಾಡೋಕೆ ಗಾಳಿ ಸೋಸುವ ಯಂತ್ರ.

ಕರೆಂಟಿಗೇನು, ತಾರಸಿ ಮೇಲೆ ಸೋಲಾರ್ ಇದೆಯಲ್ಲ! ಇದೆ. ಅದರ ಮೇಲೆ ಮಸಿಯೂ ಇದೆ. ಮಸಿ ತೊಳೆಯಲು ಮಳೆನೀರಿನ ಕೊಯ್ಲು. ಆ ನೀರು ಇಳಿದು ಬರುವುದೂ ಅದೇ ತಾರಸಿಯಿಂದ, ಅದನ್ನೂ ಸೋಸಬೇಕು. ಸೋಸಲು ಪಂಪು. ಪಂಪಿಗೆ ಸೋಲಾರ್. ತನ್ನನ್ನು ತಾನೇ ತೊಳೆದುಕೊಂಡು ಬದುಕುವ ಕಟ್ಟಡ. ಸಸ್ಟೇನಬಲ್ ಅಂದ್ರೆ ಇದೇ ಅಲ್ವಾ?

ಧೂಳಿಗೆ ಬಳ್ಳಿ ಹಬ್ಬಿಸಿದ ಗೋಡೆ ಇದೆ. ಗಾಳಿಯಲ್ಲಿ ತೇಲುವ ‘ಪಿಎಂ 2.5’ ಎಂಬ ಅತಿಸಣ್ಣ ಕಣ ತಲೆಗೂದಲಿನ ದಪ್ಪದ ಸುಮಾರು 30ರಲ್ಲಿ ಒಂದು ಪಾಲು. ಅದು ಎಲೆ ಕಂಡ ಕೂಡಲೇ ನಾಚಿ ಹಿಂದೆ ಹೋಗುತ್ತದೆ ಎಂಬ ನಂಬಿಕೆ. ಈ ಕಣಗಳ ವರ್ಷದ ಸರಾಸರಿ ಘನ ಮೀಟರ್ ಗಾಳಿಗೆ 10 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ, 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ಇದನ್ನು ಹೇಳಿದರೆ ಬಿಲ್ಡರ್ ನಗುತ್ತಾರೆ: “ಅದು ವರ್ಷದ ಲೆಕ್ಕ ಸಾರ್. ನೀವೇನು ವರ್ಷಪೂರ್ತಿ ಮನೆಯಲ್ಲೇ ಇರ್ತೀರಾ?”

ಆರ್ಕಿಟೆಕ್ಟ್ ಮಾತ್ರ ಓದಿಕೊಂಡವರು. “ವಿಯೆನ್ನಾದ ಗ್ಯಾಸೋಮೀಟರ್ ನೋಡಿ” ಅನ್ನುತ್ತಾರೆ. ನೋಡಿದೆ. 1890ರ ದಶಕದ 4 ದೈತ್ಯ ಗ್ಯಾಸ್ ಟ್ಯಾಂಕ್‌ಗಳು, 2001ರ ಹೊತ್ತಿಗೆ ಒಳಗೆ ಮನೆಗಳು. ಚಂದವೇ. ಆದರೆ ಅಲ್ಲಿ ಗ್ಯಾಸ್ ತುಂಬುವುದು 1980ರ ದಶಕದಲ್ಲೇ ನಿಂತಿತ್ತು. ಮೊದಲು ಗ್ಯಾಸ್ ಹೋಯಿತು, ಆಮೇಲೆ ಜನ ಬಂದರು. ನಮ್ಮ ಆರ್ಕಿಟೆಕ್ಟ್ ಫೋಟೋ ತಂದಿದ್ದಾರೆ, ಯಾವುದು ಮೊದಲು ಎನ್ನುವುದನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

ಕಾರ್ಖಾನೆಯವರೂ ಸುಮ್ನೆ ಕೂತಿಲ್ಲ. ಅವರ ವಾರ್ಷಿಕ ವರದಿಯ ಮುಖಪುಟದಲ್ಲಿ ಇದೇ ಬಳ್ಳಿ ಗೋಡೆಯ ಫೋಟೋ. ಕೆಳಗೆ ‘ನಮ್ಮ ಹಸಿರು ವಲಯ’ ಅಂತ ಬರೆದಿದೆ. ಅದರಲ್ಲಿ ಅಪಾರ್ಟ್‌ಮೆಂಟ್ ಕಾಣುವುದಿಲ್ಲ.