ಜಾತ್ರೆಯ ತೊಟ್ಟಿಲಿಗೆ ಒಂದೇ ಪಾಳಿ

"ಅಲ್ಲಪ್ಪಾ, ನಿಮ್ಮ ಅಮೆರಿಕದಾಗೂ ದುಡ್ಡು ಕೊಟ್ಟೋರಿಗೆ ಬೇರೆ ಪಾಳಿ ಐತಂತೆ? ಮತ್ತೆ ನಮಗೇನು ಶಿಸ್ತು ಹೇಳಿಕೊಡ್ತೀರಿ?"

ದಾವಣಗೆರೆಯಿಂದ ಸೋದರಮಾವ ಕಳಿಸಿದ ಮೆಸೇಜು ಇದು. ಮೊಮ್ಮಕ್ಕಳನ್ನು ಕಟ್ಟಿಕೊಂಡು ಇಲ್ಲಿನ ಒರ್ಲಾಂಡೋಗೆ, ಡಿಸ್ನಿಯ ಆಟದ ಪಾರ್ಕು ನೋಡಲು ಬರುವ ತಯಾರಿಯಲ್ಲಿದ್ದಾರೆ, ಪಾರ್ಕಿನ ದರಪಟ್ಟಿ ಕಣ್ಣಿಗೆ ಬಿದ್ದಿದೆ. ಊರಿಗೆ ಹೋದಾಗಲೆಲ್ಲ "ಇಲ್ಲಿ ಯಾರಿಗೂ ಕ್ಯೂ ನಿಲ್ಲೋಕೇ ಬರಲ್ಲ" ಅಂತ ಗೊಣಗುವ ನಮ್ಮಂಥ ಹೊರನಾಡಿನವರಿಗೆ ಈ ಮಾತು ತಾಗಬೇಕಾದ್ದೇ. ಮಾವ ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಇಲ್ಲಿನ ಡಿಸ್ನಿ ಪಾರ್ಕುಗಳಲ್ಲಿ ಪಾಳಿ ತಪ್ಪಿಸುವ ಚೀಟಿ 1999ರಲ್ಲಿ ಬಂದಾಗ ಪುಕ್ಕಟೆಯಾಗಿತ್ತು. ಫಾಸ್ಟ್‌ಪಾಸ್ ಅಂತ ಹೆಸರು. ಗೇಟಿನ ಟಿಕೆಟನ್ನು ಮಷೀನಿಗೆ ತೂರಿಸಿದರೆ ಒಂದು ಗಂಟೆಯ ಅವಧಿ ಮುದ್ರಿಸಿದ ಕಾಗದ ಹೊರಬರುತ್ತಿತ್ತು. ಆ ಹೊತ್ತಿಗೆ ಹಿಂತಿರುಗಿದರೆ ಪಕ್ಕದ ಚಿಕ್ಕ ಸಾಲಿನಿಂದ ಒಳಗೆ. 2021ರ ಅಕ್ಟೋಬರಿನಲ್ಲಿ ಅದೇ ಸೌಕರ್ಯಕ್ಕೆ ಜೀನಿ ಪ್ಲಸ್ ಅಂತ ಹೆಸರಿಟ್ಟು ತಲೆಗೆ ದಿನಕ್ಕೆ 15 ಡಾಲರ್ ಇಟ್ಟರು. 2024ರ ಜುಲೈಯಲ್ಲಿ ಅದರ ಹೆಸರು ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಅಂತಾಯಿತು, ಬಹುಬೇಡಿಕೆಯ ಒಂದೊಂದು ಆಟಕ್ಕೆ ಬಿಡಿಯಾಗಿ ಕೊಳ್ಳುವುದು ಸಿಂಗಲ್ ಪಾಸ್. ಅದೇ ವರ್ಷ ಅಕ್ಟೋಬರಿನಲ್ಲಿ ಪ್ರೀಮಿಯರ್ ಪಾಸ್ ಬಂತು. ಹೊತ್ತಿನ ಹಂಗಿಲ್ಲದೆ ಒಂದೊಂದು ಆಟಕ್ಕೂ ಒಂದು ಸಲ ನೇರ ಪ್ರವೇಶ. ಆಗ ಪ್ರಕಟಿಸಿದ ದರ ಪಾರ್ಕು, ದಿನ ನೋಡಿಕೊಂಡು 129ರಿಂದ 449 ಡಾಲರ್. ಗೇಟಿನ ಟಿಕೆಟ್ ಬೇರೆ. ಸಿಕ್ಸ್ ಫ್ಲ್ಯಾಗ್ಸ್ ಅನ್ನುವ ಇನ್ನೊಂದು ಕಂಪನಿಯ ಪಾರ್ಕುಗಳಲ್ಲಿ ಹಲವು ವರ್ಷ ಮಾರಿದ ಫ್ಲ್ಯಾಶ್ ಪಾಸಿನ ಸಾದಾ ದರ್ಜೆಯದು ಇನ್ನೂ ತಮಾಷೆ. ಕಾಯುವ ಹೊತ್ತು ಒಂದು ನಿಮಿಷವೂ ಕಡಿಮೆಯಾಗುತ್ತಿರಲಿಲ್ಲ, ನಿಮ್ಮ ಬದಲು ಒಂದು ಯಂತ್ರ ಪಾಳಿ ಹಚ್ಚುತ್ತಿತ್ತು. ಹೊತ್ತೇ ಕಡಿಮೆಯಾಗಬೇಕೆಂದರೆ ಗೋಲ್ಡ್, ಪ್ಲಾಟಿನಂ.

ಇದೆಲ್ಲ ಹೇಗೆ ನಡೆಯುತ್ತದೆ ಅಂತ ನೋಡಬೇಕಾದರೆ ಎರಡು ಸಾಲು ಕೂಡುವ ಜಾಗಕ್ಕೆ ಹೋಗಬೇಕು. ಆಟ ಹತ್ತುವ ಕಟ್ಟೆಗೆ ಸ್ವಲ್ಪ ಹಿಂದೆ, ಪಾಸಿನವರ ಸಾಲು ಬಲದಿಂದಲೋ ಎಡದಿಂದಲೋ ಬಂದು ಸಾದಾ ಸಾಲಿಗೆ ಸೇರುತ್ತದೆ. ಅಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಕೈ ಅಡ್ಡ ಹಿಡಿದು ನಿಂತಿರುತ್ತಾರೆ. ಪಾಸಿನ ಕಡೆಯಿಂದ ಏಳು ಜನ, ಈ ಕಡೆಯಿಂದ ಮೂರು ಜನ, ಮತ್ತೆ ಏಳು, ಮತ್ತೆ ಮೂರು. ಈ ಪ್ರಮಾಣವನ್ನು ಗಂಟೆಗಂಟೆಗೆ ಬದಲಿಸಬಹುದು. ಬೋರ್ಡಿನ ಮೇಲೆ ಮಾತ್ರ ಎಲ್ಲೂ ಬರೆದಿರುವುದಿಲ್ಲ.

ಲೆಕ್ಕ ಹಾಕಿ. ಆಟಕ್ಕೆ ಗಂಟೆಗೆ 1,200 ಸೀಟು ಇದೆ ಅಂತಿಟ್ಟುಕೊಳ್ಳಿ. ಸಾದಾ ಸಾಲಿನಲ್ಲಿ ನಿಮ್ಮ ಮುಂದೆ 300 ತಲೆ. ಎಲ್ಲ ಸೀಟೂ ಈ ಸಾಲಿಗೇ ಸಿಕ್ಕರೆ 15 ನಿಮಿಷದ ಮಾತು. ಹತ್ತರಲ್ಲಿ ಏಳು ಸೀಟು ಪಾಸಿಗೆ ಹೋದರೆ ಸಾದಾ ಸಾಲಿಗೆ ಉಳಿಯುವುದು ಗಂಟೆಗೆ 360. ಅದೇ 300 ಜನಕ್ಕೆ ಈಗ 50 ನಿಮಿಷ. ಪಾಸಿನವರೂ ನಿಮ್ಮ ಜತೆಗೇ ನಿಂತಿದ್ದರೆ ಸಾಲು ಇನ್ನೂ ಉದ್ದವಾಗುತ್ತಿತ್ತು, ಒಪ್ಪೋಣ. ಆದರೆ ಆಗ ನಿಮ್ಮ ಹೊತ್ತು ನಿಮ್ಮ ಕಣ್ಣೆದುರಿಗೇ ಇರುತ್ತಿತ್ತು, ತಲೆ ಎಣಿಸಿದರೆ ಗೊತ್ತಾಗುತ್ತಿತ್ತು. ಈಗ ನಿಮ್ಮ ಮುಂದಿರುವವರಲ್ಲಿ ಮುಕ್ಕಾಲು ಪಾಲು ಜನ ಇನ್ನೂ ಐಸ್‌ಕ್ರೀಮ್ ಅಂಗಡಿಯಲ್ಲೋ ಹೋಟೆಲ್ ರೂಮಿನಲ್ಲೋ ಇದ್ದಾರೆ.

ಆಟ ಕೆಟ್ಟಾಗ ನೋಡಬೇಕು. ಎಲ್ಲೋ ಒಂದು ಸೆನ್ಸರ್ ತಕರಾರು ತೆಗೆದು 40 ನಿಮಿಷ ನಿಂತಿತು ಅನ್ನಿ. ಆ ಹೊತ್ತಿನ ಪಾಸುಗಳೇ 560 ಬಾಕಿ. ಬಾಗಿಲು ತೆರೆದೊಡನೆ ಅವರೆಲ್ಲ ಒಟ್ಟಿಗೆ ಬಂದರೆ ಸೀಟನ್ನೆಲ್ಲ ಅವರಿಗೇ ಕೊಟ್ಟರೂ 28 ನಿಮಿಷ. ಸಾದಾ ಸಾಲು ಅಷ್ಟು ಹೊತ್ತು ಕಲ್ಲಿನ ಹಾಗೆ ನಿಲ್ಲುತ್ತದೆ. ಬಾಕಿ ಪಾಸನ್ನು ಬೇರೆ ಆಟಗಳಲ್ಲಿ ಬಳಸಲು ಬಿಟ್ಟರೆ (ಡಿಸ್ನಿಯವರು ಹಾಗೆ ಬಿಡುತ್ತಾರೆ) ಪಕ್ಕದ ಆಟಗಳ ಸಾಲು ಉಬ್ಬುತ್ತದೆ. ದಾವಣಗೆರೆಯ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಎತ್ತಿದ ಗಳಿಗೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಜೈಂಟ್ ವೀಲ್. ಹನ್ನೆರಡು ತೊಟ್ಟಿಲು, ಒಂದಕ್ಕೆ ನಾಲ್ಕು ಜನ, ಒಟ್ಟು 48. ಒಂದು ತೊಟ್ಟಿಲು ಇಳಿಸಿ ಹತ್ತಿಸಲು ಅರ್ಧ ನಿಮಿಷ ಹಿಡಿದರೆ ಹನ್ನೆರಡಕ್ಕೆ 6 ನಿಮಿಷ, ತಿರುಗುವುದು 4 ನಿಮಿಷ. ಹತ್ತು ನಿಮಿಷಕ್ಕೊಂದು ಸುತ್ತು, ಗಂಟೆಗೆ 288 ಜನ. ರಾತ್ರಿ ಒಂಬತ್ತಕ್ಕೆ ಜನ ತುಂಬಿಕೊಂಡಾಗ ವೀಲ್ ನಡೆಸುವವನು ಏನು ಮಾಡುತ್ತಾನೆ? ತಿರುಗಿಸುವುದನ್ನು 2 ನಿಮಿಷಕ್ಕೆ ಇಳಿಸುತ್ತಾನೆ. ಗಂಟೆಗೆ 360 ಆಯಿತು. 180 ಜನರ ಸಾಲು 37 ನಿಮಿಷ ಮೀರಿ ಎಳೆಯುವುದರ ಬದಲು ಅರ್ಧ ಗಂಟೆಗೆ ಕರಗುತ್ತದೆ. "ಏನ್ರೀ, ಇಷ್ಟು ಬೇಗ ನಿಲ್ಸಿಬಿಟ್ರಿ" ಅಂತ ಬೈಸಿಕೊಳ್ಳುತ್ತಾನೆ, ಆದರೆ ಬೈಗುಳ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. ಸಂಜೆ ಆರಕ್ಕೆ ಬಂದವರಿಗೆ ಅದೇ ದುಡ್ಡಿಗೆ ಇಮ್ಮಡಿ ಸುತ್ತು, ಅದನ್ನು ಬಲ್ಲವರು ಬಿಸಿಲಿಳಿಯುವ ಮೊದಲೇ ಬರುತ್ತಾರೆ.

ಅವನು ಪಾಳಿ ಮುರಿಯುವುದೂ ಉಂಟು, ಅದು ತೂಕಕ್ಕಾಗಿ. ಒಂದನೇ ತೊಟ್ಟಿಲು ತುಂಬಿದ ಮೇಲೆ ಎರಡನೆಯದಕ್ಕೆ ಕೈ ಹಾಕುವುದಿಲ್ಲ, ನೇರ ಎದುರಿನ ಏಳನೆಯದನ್ನು ಕೆಳಗೆ ತಂದು ತುಂಬುತ್ತಾನೆ. ಒಂದೇ ಮಗ್ಗುಲು ತುಂಬಿದರೆ ಚಕ್ರ ಆ ಕಡೆಗೇ ಜಗ್ಗಿ ನಿಲ್ಲುತ್ತದೆ, ಮೋಟರಿಗೂ ಬ್ರೇಕಿಗೂ ಕಷ್ಟ. ಅದಕ್ಕೇ "ಇಬ್ರೇ ಇರೋರು ಯಾರ್ರೀ, ಮುಂದೆ ಬರ್ರಿ" ಅಂತ ಕೂಗುವುದು. ಹಿಂದಿದ್ದವರು ಮುಂದೆ ಹೋದರೂ ಯಾರೂ ಜಗಳ ತೆಗೆಯುವುದಿಲ್ಲ, ಕಾರಣ ಕಣ್ಣಿಗೆ ಕಾಣುತ್ತದಲ್ಲ. ಒರ್ಲಾಂಡೋದಲ್ಲೂ ಇದರ ತಮ್ಮ ಇದ್ದಾನೆ, ಸಿಂಗಲ್ ರೈಡರ್ ಸಾಲು. ಮೂವರ ಕುಟುಂಬ ಕೂತು ಒಂದು ಸೀಟು ಖಾಲಿ ಉಳಿದರೆ ಒಂಟಿಯಾಗಿ ಬಂದವರನ್ನು ಅಲ್ಲಿ ತುಂಬುತ್ತಾರೆ, ಬಿಡಿಗಾಸು ಕೊಡಬೇಕಾಗಿಲ್ಲ. ಇಲ್ಲಿನ ಪದ್ಧತಿಗಳಲ್ಲಿ ನನಗೆ ಪೂರ್ತಿ ಮನಸ್ಸಿಗೆ ಬಂದದ್ದು ಇದೊಂದೇ.

ಆದರೆ ರೋಲರ್ ಕೋಸ್ಟರಿನಲ್ಲಿ ಸುತ್ತು ಕಡಿಮೆ ಮಾಡಲು ಬರುವುದಿಲ್ಲ. ಹಳಿ ಎಷ್ಟು ಉದ್ದವೋ ಅಷ್ಟು ಓಡಲೇಬೇಕು. ಹಳಿಯನ್ನು ತುಂಡು ತುಂಡು ಭಾಗ ಮಾಡಿರುತ್ತಾರೆ. ಮುಂದಿನ ಭಾಗ ಖಾಲಿಯಾಗದೆ ಹಿಂದಿನ ಗಾಡಿಯನ್ನು ಬಿಡುವಂತಿಲ್ಲ, ರೈಲು ಸಿಗ್ನಲ್ಲಿನ ಹಾಗೆಯೇ. 24 ಸೀಟಿನ ಗಾಡಿ 72 ಸೆಕೆಂಡಿಗೊಂದು ಹೊರಟರೆ ಗಂಟೆಗೆ 50 ಗಾಡಿ, 1,200 ಜನ. ಯಾರೋ ಒಬ್ಬರು ಚೀಲ ಎಲ್ಲಿಡಲಿ ಅಂತ ತಡಕಾಡಿ, ತೊಡೆಯ ಮೇಲಿನ ಬಾರ್ ಸರಿಯಾಗಿ ಕೂರದೆ, ಪ್ರತಿ ಗಾಡಿಗೂ 15 ಸೆಕೆಂಡು ಹೆಚ್ಚಾದರೆ 41 ಗಾಡಿಯಷ್ಟೇ. ಗಂಟೆಗೆ ಇನ್ನೂರು ಸೀಟು ಗಾಳಿಗೆ ಹೋಯಿತು. ಪಾರ್ಕು ನಿಜವಾಗಿ ಪಾಳಿ ಕರಗಿಸಬೇಕೆಂದಿದ್ದರೆ ದುಡ್ಡು ಹಾಕಬೇಕಾದ ಜಾಗ ಇದು: ಇನ್ನಿಬ್ಬರು ಕೆಲಸದವರು, ಚೀಲಕ್ಕೊಂದು ಲಾಕರ್. ಪಾಸು ಎಷ್ಟೇ ಮಾರಿದರೂ ಒಂದು ಸೀಟು ಹುಟ್ಟುವುದಿಲ್ಲ. ಮೂವತ್ತು ಆಟ, ಹತ್ತು ಗಂಟೆ, ಸರಾಸರಿ 1,200 ಸೀಟು ಹಿಡಿದರೆ ದಿನಕ್ಕೆ 3,60,000 ಸೀಟು. ಗೇಟಿನೊಳಗೆ 40,000 ಜನ ಬಂದರೆ ತಲೆಗೆ ಒಂಬತ್ತು ಆಟ. ಒಬ್ಬರು ಹದಿನೈದು ಆಡಿದರು ಅಂದರೆ ಬೇರೆ ಯಾರೋ ಮೂರಕ್ಕೆ ತೃಪ್ತಿಪಟ್ಟಿದ್ದಾರೆ.

ಈ ರಗಳೆಯ ಬೇರು ಗೇಟಿನ ಟಿಕೆಟ್ಟಿನಲ್ಲೇ ಇದೆ. ಜಾತ್ರೆಯಲ್ಲಿ ಒಳಗೆ ಬರುವುದು ಪುಕ್ಕಟೆ. ವೀಲಿಗೆ ಬೇರೆ, ಕೊಲಂಬಸ್‌ಗೆ ಬೇರೆ, ಮರಣಬಾವಿಗೆ ಬೇರೆ ದುಡ್ಡು. 80 ರೂಪಾಯಿ ತೆತ್ತು ಹತ್ತುವವನು ಎರಡನೇ ಸಲ ಹತ್ತಬೇಕೋ ಬೇಡವೋ ಅಂತ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ, ಅಲ್ಲಿಗೆ ಸಾಲು ತಾನಾಗಿ ಹಿಡಿತಕ್ಕೆ ಬರುತ್ತದೆ. ಗೇಟಿನಲ್ಲೇ ಎಲ್ಲ ಕಿತ್ತುಕೊಂಡು ಒಳಗೆ ಎಷ್ಟು ಬೇಕಾದರೂ ಆಡಿ ಅಂದರೆ ಒಳಗಿನ ಬೆಲೆಯನ್ನು ನಿಂತು ನಿಂತು ನಿಮ್ಮ ಕಾಲುಗಳೇ ತೆರಬೇಕು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಕೂಡ 1955ರಲ್ಲಿ, ಗೇಟಿನ ಚಿಕ್ಕ ಟಿಕೆಟ್ ಒಂದನ್ನು ಬಿಟ್ಟರೆ, ನಮ್ಮ ಜಾತ್ರೆಯ ದಾರಿಯನ್ನೇ ಹಿಡಿದಿತ್ತು. ಎ, ಬಿ, ಸಿ ಅಂತ ಹರಿದು ಕೊಡುವ ಟಿಕೆಟ್ ಪುಸ್ತಕ. 1959ರಲ್ಲಿ ದೊಡ್ಡ ಆಟಗಳಿಗೆ ಇ ಟಿಕೆಟ್ ಬಂತು. 1982ರಲ್ಲಿ ಪುಸ್ತಕ ಪೂರ್ತಿ ನಿಂತುಹೋಯಿತು. ಈಗಿನ ಸಿಂಗಲ್ ಪಾಸ್ ಅಂದರೆ ಆ ಇ ಟಿಕೆಟ್ಟೇ. ಗೇಟಿನ ದುಡ್ಡನ್ನು ಮಾತ್ರ ವಾಪಸ್ ಕೊಟ್ಟಿಲ್ಲ.

ಇನ್ನೊಂದು. ಜಾತ್ರೆಯ ಪಾಳಿಯಲ್ಲಿ ಅಜ್ಜಿಯೊಬ್ಬಳು ಮೊಮ್ಮಗುವನ್ನು ಸೊಂಟಕ್ಕಿಟ್ಟುಕೊಂಡು ಬಂದರೆ "ಬಿಡ್ರಿ, ಅಜ್ಜಿ ಹೋಗ್ಲಿ" ಅನ್ನುವುದು ಪಾಳಿಯೇ. ಇಲ್ಲಿ ಹೆಚ್ಚು ಹೊತ್ತು ಸಾಲಿನಲ್ಲಿರಲು ಆಗದವರು ಮುಂಚೆಯೇ ವಿಡಿಯೋ ಕರೆಯಲ್ಲಿ ಮಾತಾಡಿ ಅನುಮತಿ ಪಡೆಯಬೇಕು. ಮೊದಲಿದ್ದ ಸಲೀಸು ಕಾರ್ಡನ್ನು 2013ರಲ್ಲಿ ತೆಗೆದರು, 2024ರಲ್ಲಿ ನಿಯಮ ಮತ್ತೂ ಬಿಗಿಯಾಯಿತು. ಸುಳ್ಳು ಹೇಳಿ ನುಗ್ಗುವವರು ಹೆಚ್ಚಾದದ್ದೇ ಕಾರಣ. ಅಂದರೆ ನುಗ್ಗುವ ಚಟ ನಮ್ಮೂರಿನದು ಮಾತ್ರ ಅಂತ ಇನ್ನು ಹೇಳುವಂತಿಲ್ಲ.

ಮಾವನಿಗೆ ಹೇಳಬೇಕಾದ ಲೆಕ್ಕವೂ ಇದೆ. ಮಲ್ಟಿ ಪಾಸಿನಲ್ಲಿ ಮೊದಲೇ ಮೂರು ಆಟ ಆರಿಸಿಕೊಳ್ಳಬಹುದು. ಡಿಸ್ನಿ ಹೋಟೆಲಿನಲ್ಲಿ ಉಳಿಯುವವರಿಗೆ 7 ದಿನ ಮುಂಚೆ, ಮಿಕ್ಕವರಿಗೆ 3 ದಿನ ಮುಂಚೆ, ಇಲ್ಲಿನ ಬೆಳಗ್ಗೆ 7ಕ್ಕೆ ತೆರೆಯುತ್ತದೆ. ದಾವಣಗೆರೆಯಲ್ಲಿ ಆಗ ಬೇಸಿಗೆಯಾದರೆ ಸಂಜೆ 4:30, ಚಳಿಗಾಲವಾದರೆ 5:30, ಮಂಡಕ್ಕಿ ಮಿರ್ಚಿ ಹೊತ್ತು. ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಫೋನು. ದುಡ್ಡು ಕಟ್ಟುವ ಮೊದಲು ಮೊಮ್ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆಯಿರಿ. ಡಿಸ್ನಿಯ ಎಕ್ಸ್‌ಪೆಡಿಷನ್ ಎವರೆಸ್ಟ್ ಕೋಸ್ಟರಿಗೆ 112 ಸೆಂಟಿಮೀಟರ್, ಒರ್ಲಾಂಡೋದ್ದೇ ಯೂನಿವರ್ಸಲ್ ಪಾರ್ಕಿನ ವೆಲಾಸಿಕೋಸ್ಟರ್‌ಗೆ 130 ಬೇಕು. ಪಾಸಿದ್ದರೂ ಒಂದು ಬೆರಳು ಕಡಿಮೆಯಾದರೆ ಒಳಗಿಲ್ಲ. ಚಿಕ್ಕದನ್ನು ಹಿಡಿದುಕೊಂಡು ಒಬ್ಬರು ಹೊರಗೆ ಉಳಿಯಬೇಕಾದರೆ ಬಾಗಿಲಲ್ಲೇ ರೈಡರ್ ಸ್ವಿಚ್ ಕೇಳಿ, ಆಮೇಲೆ ಅವರು ಮತ್ತೆ ಉದ್ದ ಸಾಲು ನಿಲ್ಲಬೇಕಾಗಿಲ್ಲ, ದುಡ್ಡೂ ಇಲ್ಲ. ಬಾಗಿಲು ತೆರೆಯುವ ಅರ್ಧ ಗಂಟೆ ಮುಂಚೆ ಗೇಟಿನಲ್ಲಿದ್ದರೆ ಮೊದಲೆರಡು ಆಟಕ್ಕೆ ಪಾಸೇ ಬೇಡ.

ಇಷ್ಟು ಬರೆದ ಮೇಲೆ ಜಾತ್ರೆಯ ಕಡೆಗೆ ತಕ್ಕಡಿ ಎಷ್ಟು ವಾಲಿದೆ ಅಂತ ನನಗೂ ಕಾಣುತ್ತಿದೆ. ದುಡ್ಡಿನ ಪಾಳಿ ನಮ್ಮಲ್ಲಿಲ್ಲವೇ? ತಿರುಪತಿಯ 300 ರೂಪಾಯಿ ದರ್ಶನ, ಹಾಸನಾಂಬೆಯ 1,000 ರೂಪಾಯಿ ಟಿಕೆಟ್ ಯಾರಿಗೆ ಗೊತ್ತಿಲ್ಲ. ಬಿಡದಿಯ ವಂಡರ್‌ಲಾದಲ್ಲೂ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. (ತಿರುಮಲದಲ್ಲಿ ಧರ್ಮದರ್ಶನಕ್ಕೆ ಕಾಯುವವರಿಗೆ ಹಾಲು, ಊಟವಾದರೂ ಸಿಗುತ್ತದೆ, ಒರ್ಲಾಂಡೋ ಬಿಸಿಲಲ್ಲಿ ಅದೂ ಇಲ್ಲ.) ವೀಲಿನವನು ಮನಸ್ಸು ಬಂದ ಹಾಗೆ ಸುತ್ತು ಕಡಿಮೆ ಮಾಡಬಲ್ಲ ಅಂದರೆ ಮನಸ್ಸು ಬಂದ ಹಾಗೆ ಐದನೆಯವರನ್ನೂ ತೊಟ್ಟಿಲಿಗೆ ತುರುಕಬಲ್ಲ. ಅಡ್ಡ ಸರಳಿಗೆ ಒಂದು ಕೊಕ್ಕೆ ಬಿಟ್ಟರೆ ಬೇರೆ ಭದ್ರತೆ ಇಲ್ಲದ ತೊಟ್ಟಿಲುಗಳನ್ನು ಎಲ್ಲರೂ ಕಂಡಿದ್ದೇವೆ. ಒಂದೊಂದು ಗಾಡಿಗೂ ಬಾರ್ ಜಗ್ಗಿ ನೋಡುವ ಆ 15 ಸೆಕೆಂಡನ್ನು ಬೈಯುವ ಮುಂಚೆ ಇದನ್ನು ನೆನೆಯಬೇಕು.

ಮತ್ತೆ ಜಾತ್ರೆಯ ವೀಲಿನ ಹಿಂದಿನ ಬಾಗಿಲು. ಇಳಿದವರು ಹೊರಗೆ ಬರುವ ದಾರಿಯಲ್ಲಿ, ಜನರೇಟರಿನ ಪಕ್ಕ, ಹಗ್ಗ ಕಟ್ಟಿದ ಒಂದು ಸಂದಿ ಇರುತ್ತದೆ. ಕಾರ್ಪೊರೇಟರ್ ಕಡೆಯವರು, ಪೊಲೀಸ್ ಮನೆಯವರು, ಜಾಗ ಕೊಟ್ಟವರ ಬೀಗರು ಅಲ್ಲಿಂದ ಹತ್ತುತ್ತಾರೆ. ಅದಕ್ಕೆ ದರ ಬರೆದಿಲ್ಲ, ಹಾಗಾಗಿ ದುಡ್ಡು ಕೂಡಿಸಿಟ್ಟರೂ ಪರಿಚಯ ಇಲ್ಲದವರಿಗೆ ಅದು ಸಿಗುವುದಿಲ್ಲ. 449 ಡಾಲರ್ ಬರೆದ ಬೋರ್ಡು ಅಷ್ಟರಮಟ್ಟಿಗೆ ವಾಸಿ ಅಂತ ಒಪ್ಪಲೇಬೇಕಾಗಿದೆ. ಮಾವನಿಗೂ ಆ ಸಂದಿ ಚೆನ್ನಾಗಿ ಗೊತ್ತು. ಹೋದ ಜಾತ್ರೆಯಲ್ಲಿ ಮೊಮ್ಮಕ್ಕಳನ್ನು ಅಲ್ಲಿಂದಲೇ ಹತ್ತಿಸಿದರಂತೆ.